ಕೊನೆಯ ಡಬ್ಬಿಯಲ್ಲಿ ರಾಹುಕಾಲ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ಹೆಸರು ಬೇಡ. ಅಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಮೊನ್ನೆ ಅಲ್ಲಿಂದ ಫೋನ್ ಬಂತು. ಹೊಸದಾಗಿ ಸೇರುವವರಿಗೆ ನಿಮ್ಮ ಅನುಭವದಿಂದ ನಾಲ್ಕು ಮಾತು ಬರೆದುಕೊಡಿ ಗಿರಿಜಾ ಮೇಡಂ, ಓದಿದವರಿಗೆ ಸ್ಫೂರ್ತಿ ಬರುವ ಹಾಗಿರಲಿ ಎಂದರು. ನಾಲ್ಕು ಮಾತಿಗೆ ನಿಲ್ಲುವ ಬಾಯಿ ನನ್ನದಲ್ಲ. ಸ್ಫೂರ್ತಿಯಂತೂ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಇದ್ದದ್ದನ್ನು ಬರೆಯುತ್ತೇನೆ, ಅಚ್ಚು ಹಾಕುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಶುಕ್ರವಾರ ನಾನು ಮಾಡಿಟ್ಟ ಒಂದು ಏರ್ಪಾಡಿನಿಂದ ನನಗೆ ಬೇಕಾದವರೊಬ್ಬರ ಪ್ರಾಣ ಹೋಗುವುದರಲ್ಲಿತ್ತು. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಅದನ್ನು ಮಾಡಿದ್ದು ಯಾರು ಎಂದು ಅವರು ಕೇಳಿದಾಗ ನಾನು ಬೇರೆಯವರ ಹೆಸರು ಹೇಳಿದೆ. ಉಳಿದದ್ದೆಲ್ಲ ಇದರ ಸುತ್ತ ಬರುತ್ತದೆ.

ಕೆಲಸ ಏನೆಂದು ತಿಳಿಯದವರಿಗೆ ಸ್ವಲ್ಪ ವಿವರ. ಲ್ಯಾಬಿನಲ್ಲಿ ಹತ್ತಾರು ಯಂತ್ರಗಳಿರುತ್ತವೆ, ಒಂದರ ಭಾಷೆ ಇನ್ನೊಂದಕ್ಕೆ ಬಾರದು. ರಕ್ತ ಅಳೆಯುವ ಯಂತ್ರಕ್ಕೆ ರೋಗಿಯ ಫೋನ್ ನಂಬರ್ ಗೊತ್ತಿಲ್ಲ, ನಂಬರ್ ಇರುವ ಕಂಪ್ಯೂಟರಿಗೆ ರಕ್ತ ಗೊತ್ತಿಲ್ಲ. ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಮನುಷ್ಯರ ಕೈ ಸೋಕದೆ ಕೆಲಸ ಮುಂದೆ ಸಾಗಿಸುವ ಒಂದು ತಂತ್ರಾಂಶವಿದೆ. ತೆರೆದರೆ ಪರದೆಯ ಮೇಲೆ ನಾಲ್ಕು ಚೌಕ, ನಡುವೆ ಬಾಣ. ಮೊದಲನೆಯದು ಸ್ಯಾಂಪಲ್ ಬಂತು, ಎರಡನೆಯದು ಯಂತ್ರ ಅಳೆಯಿತು, ಮೂರನೆಯದು ಡಾಕ್ಟರು ಒಪ್ಪಿದರು, ನಾಲ್ಕನೆಯದು ರೋಗಿಗೆ ತಿಳಿಸು. ನಮ್ಮ ಆಫೀಸಿನಲ್ಲಿ ಈ ಚೌಕಗಳಿಗೆ ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ನಾಲ್ಕನೆಯ ಡಬ್ಬಿ ನನ್ನದು.

ಡಬ್ಬಿ ಬರುವ ಮೊದಲು ಆ ಕೆಲಸ ಸಾವಿತ್ರಮ್ಮ ಮಾಡುತ್ತಿದ್ದರು. ಕಾಮಾಕ್ಷಿಪಾಳ್ಯದವರು, ನನಗಿಂತ ಎಂಟು ವರ್ಷ ದೊಡ್ಡವರು. ನಾನು ಸೇರಿದ ಮೊದಲ ದಿನ ನನಗೆ ಕುರ್ಚಿ ಇರಲಿಲ್ಲ ಎಂದು ತಮ್ಮ ಕುರ್ಚಿಯಲ್ಲೇ ಅರ್ಧ ಜಾಗ ಕೊಟ್ಟವರು. ನಾನು ವರದಿಗಳನ್ನು ಟೈಪ್ ಮಾಡಿ ಕೊಟ್ಟರೆ ಅವರು ಒಂದೊಂದಾಗಿ ಫೋನ್ ಮಾಡುತ್ತಿದ್ದರು. ಅಪಾಯದ ಅಂಕಿ ಬಂದರೆ ಊಟದ ಡಬ್ಬಿ ಮುಚ್ಚಿಟ್ಟು ಮೊದಲು ಅದಕ್ಕೆ ಫೋನ್. ಅವರ ಹತ್ತಿರ ರಟ್ಟಿನ ಹೊದಿಕೆಯ ದಪ್ಪ ರಿಜಿಸ್ಟರು. ಅದರಲ್ಲಿ ಮೂರು ಕಾಲಂ. ಹೆಸರು, ಯಾರು ಎತ್ತಿದರು, ಏನಂದರು.

ಆ ಮೂರನೆಯ ಕಾಲಂ ಓದುವುದು ನನ್ನ ಮಧ್ಯಾಹ್ನದ ಮನರಂಜನೆಯಾಗಿತ್ತು. "ಸರಿ ಎಂದರು" ಎಂದೇ ಹೆಚ್ಚು. ನಡುನಡುವೆ ಹೀಗೆ. "ಮಗಳು ಎತ್ತಿದಳು, ಅಮ್ಮನಿಗೆ ಹೇಳಬೇಡಿ ಎಂದಳು." "ಸಕ್ಕರೆ ಮುನ್ನೂರಿದೆ ಎಂದೆ. ಹಬ್ಬ ಅಲ್ವಾ ಎಂದರು." "ಯಂತ್ರ ಕೆಟ್ಟಿರಬೇಕು ಎಂದು ಬೈದರು." ಒಂದು ಕಡೆ, "ಅತ್ತರು. ಸ್ವಲ್ಪ ಹೊತ್ತು ಕಾದೆ." ಇದನ್ನೆಲ್ಲ ಯಾಕೆ ಬರೀತೀರಿ ಎಂದು ಒಮ್ಮೆ ಕೇಳಿದ್ದೆ.

"ಹೇಳಿದ್ದು ಕಿವಿಗೆ ಬಿತ್ತೋ ಇಲ್ವೋ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು," ಎಂದರು. "ಅವ್ರೇನಾದ್ರೂ ಅಂದ್ರೆ ತಾನೆ ಗೊತ್ತಾಗೋದು."

ಆಮೇಲೆ ತಂತ್ರಾಂಶ ಬಂತು. ಬಂದದ್ದು ಸಾಮಾನ್ಯವಾಗಿ ಅಲ್ಲ. ನಮ್ಮ ಮೇಲಧಿಕಾರಿ ಶೇಖರ್ ಸಾರ್ ಕಂಪ್ಯೂಟರಿಗೆ ಮಲ್ಲಿಗೆ ಹಾರ ಹಾಕಿಸಿ, ಕುಂಬಳಕಾಯಿ ಒಡೆಸಿ, ಮೊದಲ ಡಬ್ಬಿಯನ್ನು ತಾವೇ ಮೌಸ್ ಒತ್ತಿ ಉದ್ಘಾಟನೆ ಮಾಡಿದರು. ಮೌಸನ್ನು ಹಿಂದುಮುಂದಾಗಿ ಹಿಡಿದಿದ್ದರು. ಬಾಣ ಮೇಲೆ ಹೋಗಬೇಕಾದಾಗಲೆಲ್ಲ ಕೆಳಗೆ ಓಡುತ್ತಿತ್ತು. ಯಾರೂ ಹೇಳಲಿಲ್ಲ. ಆ ಫೋಟೋ ಈಗಲೂ ರಿಸೆಪ್ಷನ್ನಿನಲ್ಲಿ ತೂಗುಹಾಕಿದೆ, ಹೋದರೆ ನೋಡಿ. ಎರಡನೆಯ ಡಬ್ಬಿಗೆ ಹೊರಗಿನಿಂದ ಇಂಜಿನಿಯರುಗಳು ಬಂದರು. ಮೂರನೆಯದಕ್ಕೆ ಡಾಕ್ಟರುಗಳ ಸಮಿತಿಯೇ ಕೂತಿತು. ನಾಲ್ಕನೆಯದರ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿತ್ತು.

"ಕೊನೇದು ನೀವು ನೋಡ್ಕೊಳ್ಳಿ ಗಿರಿಜಾ," ಎಂದರು ಶೇಖರ್ ಸಾರ್. "ಏನಿದೆ ಅದ್ರಲ್ಲಿ, ಮೆಸೇಜ್ ಕಳ್ಸೋದು ತಾನೆ."

ತಂತ್ರಾಂಶ ಮಾರಿದ ಕಂಪನಿಯವರೊಬ್ಬರು ನನಗೆ ಎರಡು ದಿನ ಪಾಠ ಹೇಳಿದರು. ರಿಜಿಸ್ಟರು ತೋರಿಸಿದೆ. ಮೊದಲ ಎರಡು ಕಾಲಂ ಸರಿ, ಮೂರನೆಯದು ಯಾಕೆ, ಇದರಿಂದ ನಿಮಗೇನು ಉಪಯೋಗ ಎಂದು ಕೇಳಿದರು. ಹಳೆ ಕಾಲದವಳು ಅಂದುಕೊಂಡಾರು ಎಂಬ ಭಯ ನನಗೆ. "ಬೇಡ ಬಿಡಿ, ತೆಗೆದ್ಬಿಡಿ," ಎಂದೆ. ಅದರ ಜಾಗದಲ್ಲಿ ಒಂದು ಹಸಿರು ಗುರುತು ಬಂತು, ಪಕ್ಕದಲ್ಲಿ "ತಲುಪಿತು" ಎಂಬ ಪದ.

ಸಾವಿತ್ರಮ್ಮ ಕನ್ನಡಕ ಏರಿಸಿ ಆ ಗುರುತನ್ನು ನೋಡಿದರು. "ತಲುಪ್ತು ಅಂತ ಯಾರೇ ಹೇಳಿದ್ದು?"

"ಅವರ ಫೋನೇ ಹೇಳತ್ತೆ ಸಾವಿತ್ರಮ್ಮ."

"ಫೋನ್ ಜೇಬಲ್ಲಿದ್ರೆ?"

ನಾನು ನಕ್ಕೆ. ಅವರೂ ನಕ್ಕು ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಸ್ಟೋರಿಗೆ ಕಳಿಸಿದರು. ಇನ್ನೆರಡು ವರ್ಷ ರಿಸೆಪ್ಷನ್ನಿನಲ್ಲಿ ಟೋಕನ್ ಕೊಟ್ಟುಕೊಂಡಿದ್ದು ನಿವೃತ್ತರಾದರು. ಅಷ್ಟು ಹೊತ್ತಿಗೆ ಅವರ ಕಿಡ್ನಿಯೂ ಸ್ವಲ್ಪ ಕೈಕೊಟ್ಟಿತ್ತು.

ನಾಲ್ಕನೆಯ ಡಬ್ಬಿಯಲ್ಲಿ ಏನಿದೆ ಅಂದರಲ್ಲ, ಏನಿತ್ತು ಎಂದು ಈಗ ಹೇಳುತ್ತೇನೆ. ಮೊದಲ ಮೂರು ಡಬ್ಬಿಯಲ್ಲಿ ತಪ್ಪಾದರೆ ಲ್ಯಾಬಿನ ಒಳಗೇ ಗೊತ್ತಾಗಿ ಒಳಗೇ ಮುಚ್ಚಿಹೋಗುತ್ತದೆ. ನಾಲ್ಕನೆಯದರಲ್ಲಿ ತಪ್ಪಾದರೆ ಊರಿಗೆಲ್ಲ ಗೊತ್ತಾಗುತ್ತದೆ. ನನ್ನ ಮೊದಲ ತಪ್ಪು ಎರಡನೆಯ ವಾರದಲ್ಲೇ ಆಯಿತು. ಸಂದೇಶ ಸರಿಯಾಗಿ ಹೋಗುತ್ತದೆಯೇ ನೋಡೋಣ ಎಂದು "ಟೆಸ್ಟಿಂಗ್, ಕಾಫಿ ಆಯ್ತಾ" ಎಂದು ಬರೆದು ನನ್ನ ನಂಬರಿಗೆ ಕಳಿಸಿದೆ ಅಂದುಕೊಂಡೆ. ಹೋದದ್ದು ಆ ದಿನ ರಕ್ತ ಕೊಟ್ಟ ಎಲ್ಲರಿಗೂ. ಕೆಂಗೇರಿಯಿಂದ ಬಸವೇಶ್ವರನಗರದವರೆಗೆ ಗ್ಲೂಕೋಸ್ ನೀರು ಕುಡಿದು, ಬೇರೇನೂ ಮುಟ್ಟದೆ ಕೂತು ಎರಡನೆಯ ಸಲ ರಕ್ತ ಕೊಡಲು ಕಾಯುತ್ತಿದ್ದ ಜನಕ್ಕೆ ಕಾಫಿ ಆಯ್ತಾ ಎಂದು ಲ್ಯಾಬೇ ಕೇಳಿತು. ಅರ್ಧ ಜನ ಅದನ್ನು ಅಪ್ಪಣೆ ಎಂದುಕೊಂಡು ಕುಡಿದೇಬಿಟ್ಟರು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಮರ್ಯಾದೆಯಿಂದ ಉತ್ತರ ಬರೆದಿದ್ದರು, "ಆಯಿತು. ತಮ್ಮದು?" ಅಂದಿನಿಂದ ಪ್ರಯೋಗಕ್ಕೆ ಏನೇ ಕಳಿಸುವುದಿದ್ದರೂ ಒಬ್ಬರೇ ಒಬ್ಬರಿಗೆ, ಅದೂ ಗುರುತಿನವರಿಗೆ. ಇದನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು ನನ್ನ ತಪ್ಪಲ್ಲ, ಆದರೆ ಬೈಸಿಕೊಂಡವಳು ನಾನು. ಸಂದೇಶದಲ್ಲಿ ರೋಗಿಯನ್ನು ಮೊದಲ ಹೆಸರಿನಿಂದ ಪ್ರೀತಿಯಾಗಿ ಕರೆಯಬೇಕು ಎಂದು ಮೇಲಿನಿಂದ ಆದೇಶ ಬಂತು. ತಂತ್ರಾಂಶ ಮೊದಲಿಗೆ ಏನಿದೆಯೋ ಅದನ್ನೇ ಮೊದಲ ಹೆಸರು ಎಂದುಕೊಂಡಿತು. ನಮ್ಮಲ್ಲಿ ಮೊದಲು ಬರುವುದು ಇನಿಷಿಯಲ್ಲು. ಮಾರನೆಯ ದಿನ ರಾಜಾಜಿನಗರದ ಅರ್ಧ ಹಿರಿಯರಿಗೆ "ಪ್ರಿಯ ಕೆ", "ಪ್ರಿಯ ಟಿ" ಎಂದು ಪತ್ರ ಹೋಯಿತು. ಒಬ್ಬರು ಕೋಲೂರಿಕೊಂಡು ಕೌಂಟರಿಗೇ ಬಂದರು. "ಎಚ್ ಅಂದ್ರೆ ನಮ್ಮೂರು ಕಣಮ್ಮ, ಹೊಸಹಳ್ಳಿ," ಎಂದರು. "ಊರಿಗೆ ಸಕ್ಕರೆ ಕಾಯಿಲೆ ಅಂತ ಬರ್ದಿದೀರಲ್ಲ. ಕಾಯಿಲೆ ಇರೋದು ನಂಗೆ." ಕ್ಷಮೆ ಕೇಳಿ ಕೂರಿಸಿ ನೀರು ಕೊಟ್ಟೆ.

ಇನ್ನು ಮೇಲಧಿಕಾರಿಗಳ ಪ್ರತಿ. ರೋಗಿಗೆ ಹೋಗುವ ಪ್ರತಿಯೊಂದು ವರದಿಯೂ ತಮಗೊಂದು ಬರಬೇಕು ಎಂದು ಒಬ್ಬರು ಹಟ ಹಿಡಿದರು. ಅವರಿಗೆ ಬರುತ್ತದೆ ಎಂದು ತಿಳಿದು ಇನ್ನೊಬ್ಬರು, ಅವರ ಮೇಲಿನವರು, ಅವರ ಕೆಳಗಿನವರು. ಎಂಟು ಮಂದಿಯಾದರು. ಅವರಲ್ಲಿ ಯಾರೂ ಒಂದನ್ನೂ ತೆರೆದು ನೋಡಲಿಲ್ಲ. ನನಗೆ ಹೇಗೆ ಗೊತ್ತು ಎಂದರೆ, ಅವರಲ್ಲೊಬ್ಬರು ಕೆಲಸ ಬಿಟ್ಟು ಹೋದಾಗ ಅವರ ಇಮೇಲ್ ಪೆಟ್ಟಿಗೆ ತುಂಬಿ, ಸಂದೇಶ ವಾಪಸ್ ಬಂದು, ಡಬ್ಬಿ ಮುನಿಸಿಕೊಂಡು ಅರ್ಧ ದಿನ ಯಾರಿಗೂ ವರದಿ ಹೋಗಲಿಲ್ಲ. ಉಳಿದ ಏಳು ಮಂದಿಗೆ ವರದಿ ಬಂದಿಲ್ಲ ಎಂದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ರೋಗಿಗಳಿಗೆ. ನೀವು ಕೊನೆಯ ಹಂತ ಜೋಡಿಸುವಾಗ, ಯಾರಿಗೆ ಹೋಗಬೇಕು ಎಂದು ಯಾರನ್ನೂ ಕೇಳಬೇಡಿ. ಎಲ್ಲರೂ ನನಗೆ ಎನ್ನುತ್ತಾರೆ.

ಈಗ ರಾಹುಕಾಲಕ್ಕೆ ಬರೋಣ.

ಶೇಖರ್ ಸಾರ್ ಕೆಟ್ಟವರಲ್ಲ. ಸಿಟ್ಟು ಮಾಡುವವರಲ್ಲ, ಎಲ್ಲರ ಮನೆಯ ಮದುವೆಗೂ ಹೋಗುವವರು. ಮೀಟಿಂಗು ಕರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು, ಅಷ್ಟೇ. ಒಂದು ಸಲ ಯಾರದೋ ವರದಿ ಇನ್ಯಾರಿಗೋ ಹೋಗಿ ದೂರು ಬಂತು. ತನಿಖೆ ಮಾಡಿದರು. ತನಿಖೆ ಎಂದರೆ, ಆ ಸಂದೇಶ ಹೋದ ಸಮಯವನ್ನು ಕ್ಯಾಲೆಂಡರಿನ ಜೊತೆ ಹೋಲಿಸಿದರು. ನನ್ನನ್ನು ಕರೆದರು.

"ನೋಡಿ, ಬುಧವಾರ ಹನ್ನೆರಡೂವರೆ," ಎಂದರು. "ಸರಿಯಾಗಿ ರಾಹುಕಾಲ."

"ಸಾರ್, ನಂಬರ್ ತಪ್ಪು ಬರ್ಕೊಂಡಿದ್ರು ಕಲೆಕ್ಷನ್ ಸೆಂಟರ್‌ನಲ್ಲಿ."

"ತಪ್ಪು ಯಾಕಾಯ್ತು ಅಂತ ನಾನ್ ಹೇಳ್ತಾ ಇರೋದು. ಆ ಹೊತ್ತಲ್ಲಿ ವರದಿ ಹೊರಗೆ ಹೋಗೋದ್ ಬೇಡ. ಒಳಗೆ ಕೆಲಸ ನಡೀಲಿ, ಹೊರಗೆ ಹೋಗೋದು ಮಾತ್ರ ತಡೀರಿ. ಆಗತ್ತಾ ನಿಮ್ ಕೈಲಿ?"

ಆಗುವುದಿಲ್ಲ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆಗತ್ತಾ ನಿಮ್ಮ ಕೈಲಿ ಎಂದು ಕೇಳಿದರಲ್ಲ, ಅಲ್ಲಿ ನಾನು ಕೆಟ್ಟೆ. ತುರ್ತಿನ ವರದಿಗಳೇನು ಮಾಡುವುದು ಸಾರ್ ಎಂದು ಒಂದು ಸಲ ಕೇಳಿದ್ದುಂಟು. "ತುರ್ತಿನದಕ್ಕೆ ಇನ್ನೂ ಒಳ್ಳೆ ಘಳಿಗೆ ಬೇಕಲ್ವಾ," ಎಂದರು. ಆ ಮಾತಿಗೆ ನಾನು ತಲೆಯಾಡಿಸಿ ಬಂದೆ.

ಎರಡು ದಿನ ಕೂತು ಮಾಡಿದೆ. ವಾರದ ಏಳು ದಿನಕ್ಕೂ ರಾಹುಕಾಲ ಬೇರೆಬೇರೆ ಹೊತ್ತಿನಲ್ಲಿ ಬರುತ್ತದೆ. ಸೋಮವಾರ ಬೆಳಗ್ಗೆ, ಮಂಗಳವಾರ ಮಧ್ಯಾಹ್ನದ ಮೇಲೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಮೂರನೆಯ ಮತ್ತು ನಾಲ್ಕನೆಯ ಡಬ್ಬಿಯ ನಡುವೆ ಒಂದು ಸಣ್ಣ ಡಬ್ಬಿ ಕೂರಿಸಿ, ಅದಕ್ಕೆ ಏಳು ದಿನದ ಲೆಕ್ಕ ಕಲಿಸಿ, ಆ ಹೊತ್ತಿನಲ್ಲಿ ಬಂದ ವರದಿಗಳನ್ನು ಹಿಡಿದಿಟ್ಟು, ಹೊತ್ತು ಕಳೆದ ನಿಮಿಷಕ್ಕೆ ಸಾಲಾಗಿ ಬಿಡುವಂತೆ ಮಾಡಿದೆ. ಒಂದು ವಾರ ಪರೀಕ್ಷಿಸಿದೆ. ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ನಿಜ ಹೇಳುತ್ತೇನೆ, ಮೂವತ್ತೊಂದು ವರ್ಷದಲ್ಲಿ ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಶೇಖರ್ ಸಾರ್ ಎಲ್ಲರೆದುರು ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ರೋಗಿಗಳು ವರದಿ ಯಾಕೆ ಬಂದಿಲ್ಲ ಎಂದು ಕೇಳಿದರೆ ಕೌಂಟರಿನಲ್ಲಿ ಸಿಸ್ಟಮ್ ಸ್ಲೋ ಎನ್ನುತ್ತಿದ್ದರು. ವಿಜಯನಗರದ ಆಂಟಿಯೊಬ್ಬರಿಗೆ ಹೇಗೋ ನಿಜ ಗೊತ್ತಾಗಿ, ಸಿಟ್ಟಾಗುತ್ತಾರೆ ಎಂದುಕೊಂಡರೆ, ತಮ್ಮ ಮನೆಮಂದಿಯ ರಕ್ತವನ್ನೆಲ್ಲ ನಮ್ಮಲ್ಲಿಗೇ ತಂದರು. ಅಕೌಂಟ್ಸ್ ವಿಭಾಗದವರು ಯಮಗಂಡ ಕಾಲವನ್ನೂ ಸೇರಿಸಬಹುದಲ್ಲ ಎಂದು ಸಲಹೆ ಕೊಟ್ಟರು. ಲ್ಯಾಬಿನ ಡಾಕ್ಟರುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವರು ಮೂರನೆಯ ಡಬ್ಬಿಯಲ್ಲಿ ಒಪ್ಪಿಗೆ ಒತ್ತಿ, ವರದಿ ಆ ಕ್ಷಣವೇ ಹೋಯಿತು ಎಂದು ನಂಬಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದರು. ಅಪಾಯದ ಅಂಕಿಗೆ ಫೋನ್ ಮಾಡುವ ಪದ್ಧತಿ ಸಾವಿತ್ರಮ್ಮನ ರಿಜಿಸ್ಟರಿನ ಜೊತೆಗೇ ಸ್ಟೋರು ಸೇರಿತ್ತು. ರೋಗಿಗೂ ಅವರ ಡಾಕ್ಟರಿಗೂ ಡಬ್ಬಿಯೇ ಒಟ್ಟಿಗೆ ತಿಳಿಸುತ್ತಿರುವಾಗ ಫೋನ್ ಯಾಕೆ ಎಂದಾಗಿತ್ತು.

ಆ ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆ. ನನ್ನ ಮೇಜಿನ ಮೇಲೆ ಉಪ್ಪಿಟ್ಟಿತ್ತು. ಸಾವಿತ್ರಮ್ಮನ ಫೋನ್ ಬಂತು. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ನಮ್ಮ ಬಸವೇಶ್ವರನಗರದ ಸೆಂಟರಿನಲ್ಲೇ ರಕ್ತ ಕೊಡುತ್ತಿದ್ದರು.

"ಗಿರಿಜಾ, ನನ್ ರಿಪೋರ್ಟ್ ಏನಾಯ್ತೇ? ಏಳೂವರೆಗೆ ಕೊಟ್ಟಿದ್ದು. ಹತ್ತೂವರೆಗೆಲ್ಲ ಆಗಿರ್ಬೇಕಲ್ಲ."

"ಬರತ್ತೆ ಸಾವಿತ್ರಮ್ಮ, ಹನ್ನೆರಡಕ್ಕೆ ಬರತ್ತೆ," ಎಂದೆ. ಪರದೆ ನನ್ನ ಮುಂದೆಯೇ ಇತ್ತು. ನೋಡಲಿಲ್ಲ. ಉಪ್ಪಿಟ್ಟು ಆರುತ್ತಿತ್ತು.

"ಯಾಕೋ ಕೈಕಾಲೆಲ್ಲ ಜೋಮು ಹಿಡ್ದಂಗೆ ಆಗ್ತಿದೆ ಕಣೇ. ಎದ್ದು ನಿಲ್ಲೋಕೆ ಆಗ್ತಿಲ್ಲ."

"ಬಿಸ್ಲು ಸಾವಿತ್ರಮ್ಮ. ಒಂದು ಎಳನೀರು ತರ್ಸಿ ಕುಡೀರಿ, ಸರಿ ಹೋಗತ್ತೆ."

ಆ ಕಡೆಯಿಂದ ಬಂದ ದನಿಯಲ್ಲಿ ಶಕ್ತಿ ಇರಲಿಲ್ಲ, ಸಿಟ್ಟಿತ್ತು. "ಲ್ಯಾಬಲ್ಲಿ ಇಷ್ಟ್ ವರ್ಷ ಏನ್ ಕಲ್ತೆಯೇ ನೀನು. ನಂಗೆ ಕಿಡ್ನಿ ತೊಂದ್ರೆ, ಎಳನೀರಲ್ಲಿ ಇರೋದೆಲ್ಲ ಪೊಟ್ಯಾಸಿಯಮ್ಮು. ಕುಡಿದ್ರೆ ನೆಟ್ಟಗೆ ಮೇಲಕ್ಕೇ." ಫೋನ್ ಇಟ್ಟರು.

ಬೈಸಿಕೊಂಡ ಉರಿಗೆ ಪರದೆ ತೆರೆದೆ. ಕರುಣೆಯಿಂದಲ್ಲ, ಇವರ ಪೊಟ್ಯಾಸಿಯಂ ಎಷ್ಟಿದೆ ನೋಡಿ ನಾನೇ ವಾಪಸ್ ಫೋನ್ ಮಾಡಿ ಹೇಳುತ್ತೇನೆ ಎಂಬ ಜಂಬದಿಂದ. ರಾಹುಕಾಲದ ಡಬ್ಬಿಯಲ್ಲಿ ಮೂವತ್ತಕ್ಕೂ ಹೆಚ್ಚು ವರದಿಗಳು ಸಾಲಾಗಿ ಕೂತಿದ್ದವು. ನಾಲ್ಕನೆಯದು ಸಾವಿತ್ರಮ್ಮನದು. ಡಾಕ್ಟರು ಹತ್ತು ಮೂವತ್ತೈದಕ್ಕೇ ಒಪ್ಪಿಗೆ ಕೊಟ್ಟಿದ್ದರು, ಕೆಂಪು ಗುರುತು ಹಾಕಿ. ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು. ಐದು ದಾಟಿದರೆ ಎಚ್ಚರ. ಏಳರ ಹತ್ತಿರ ಹೋದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ನನಗೆ ಇದು ಟೈಪಿಂಗ್ ಕಾಲದಿಂದ ಗೊತ್ತು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಗೇಟಿನ ಹೊರಗೆ ನಿಂತಿದ್ದ ಆಟೋದಲ್ಲಿ ಕೂತು ಕಾಮಾಕ್ಷಿಪಾಳ್ಯ ಎಂದೆ. "ಮೀಟರ್ ಮೇಲೆ ಅಷ್ಟು ಕೊಡಿ ಆಂಟಿ," ಎಂದು ಶುರು ಮಾಡಿದ ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಾಯಿ ಮುಚ್ಚಿ ಓಡಿಸಿದ.

ಸಾವಿತ್ರಮ್ಮ ವರಾಂಡದ ಗೋಡೆಗೆ ಒರಗಿ ಕೂತಿದ್ದರು. ಫೋನ್ ಕೈಜಾರಿ ಮೆಟ್ಟಿಲ ಕೆಳಗೆ ಬಿದ್ದಿತ್ತು, ಎದ್ದು ಹೋಗಿ ಎತ್ತಲು ಕಾಲು ಬಂದಿರಲಿಲ್ಲ. ಆಟೋದವನೂ ನಾನೂ ಎತ್ತಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಬಾಗಿಲಲ್ಲೇ ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು ಎಂದು ಕೂಗಿದೆ. ಮೂರು ಜನ ಓಡಿ ಬಂದು ಒಳಗೆ ಕರೆದುಕೊಂಡು ಹೋದರು. ಅವರ ಚೀಲ, ಫೋನ್, ಚಪ್ಪಲಿ ನನ್ನ ಕೈಯಲ್ಲಿ ಉಳಿದವು. ಅರ್ಧ ಗಂಟೆ ನಿಂತೇ ಇದ್ದೆ.

ಹನ್ನೆರಡಕ್ಕೆ ಸರಿಯಾಗಿ ನನ್ನ ಕೈಯಲ್ಲಿದ್ದ ಅವರ ಫೋನ್ ಸದ್ದು ಮಾಡಿತು. "ಪ್ರಿಯ ಸಾವಿತ್ರಮ್ಮ, ನಿಮ್ಮ ವರದಿ ಸಿದ್ಧವಾಗಿದೆ. ಶುಭ ದಿನ."

ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಶಾಲು ಹೊದ್ದ ನನ್ನನ್ನು ನೆನೆದೆ.

ಅವರು ಉಳಿದುಕೊಂಡರು. ಸಂಜೆ ಮಾತಾಡುವಷ್ಟಾದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅವರೆದುರೇ ಹೇಳಿದ್ದರು.

"ಹತ್ತೂವರೆಗೆ ಆಗಿದ್ದ ರಿಪೋರ್ಟು ಹನ್ನೆರಡಕ್ಕೆ ಯಾಕೇ ಬಂತು?" ಎಂದು ಕೇಳಿದರು.

ಹೇಳಿದೆ. ರಾಹುಕಾಲದ ವಿಷಯವನ್ನೆಲ್ಲ ಹೇಳಿದೆ. ಅವರು ಮೇಲಿನ ಫ್ಯಾನು ನೋಡುತ್ತ ಕೇಳಿಸಿಕೊಂಡರು.

"ಯಾರೇ ಅದನ್ನ ಒಳಗೆ ಕೂರ್ಸಿದ್ದು?"

"ಶೇಖರ್ ಸಾರ್," ಎಂದೆ.

ಹ್ಞೂಂ ಎಂದು ಕಣ್ಣು ಮುಚ್ಚಿದರು. ನಾನು ಹೊದಿಕೆ ಸರಿ ಮಾಡಿ ಮನೆಗೆ ಬಂದೆ. ಅಪ್ಪಣೆ ಕೊಟ್ಟಿದ್ದು ಅವರೇ ತಾನೆ, ಸುಳ್ಳೇನಲ್ಲವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಶೇಖರ್ ಸಾರ್ ಹತ್ತಿರ ಹೋದೆ. ಅವರಿಗೂ ನಿಜವಾಗಿ ಸಂಕಟವಾಗಿತ್ತು, ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಕಳಿಸಿದ್ದರು. ತುಂಬ ಬಾಳೆಹಣ್ಣು, ಕಿತ್ತಳೆ. ಎಲ್ಲವೂ ಪೊಟ್ಯಾಸಿಯಂ. ನರ್ಸುಗಳು ಹಂಚಿಕೊಂಡರಂತೆ.

"ಸಾರ್, ಆ ರಾಹುಕಾಲದ್ದು ತೆಗೀಬೇಕು."

"ಗಿರಿಜಾ, ನೀವು ಒಂದ್ ಯೋಚ್ನೆ ಮಾಡಿ," ಎಂದರು ಮೃದುವಾಗಿ. "ಆ ಹೊತ್ತಲ್ಲಿ ವರದಿ ಹೋಗಿದ್ರೆ ಏನಾಗ್ತಿತ್ತೋ. ಹೋಗ್ಲಿಲ್ಲ. ಬದುಕ್ಕೊಂಡ್ರು."

ಇದಕ್ಕೆ ಉತ್ತರವಿದ್ದರೆ ನಿಮ್ಮಲ್ಲಿ ಯಾರಾದರೂ ಹೇಳಿ. ನನಗೆ ಇವತ್ತಿಗೂ ಹೊಳೆದಿಲ್ಲ. ಸರಿ ಸಾರ್ ಎಂದು ಎದ್ದುಬಂದು, ನನ್ನ ಜಾಗದಲ್ಲಿ ಕೂತು, ರಾಹುಕಾಲದ ಡಬ್ಬಿಯನ್ನು ತೆರೆದು, ಏಳೂ ದಿನದ ಕಾಯುವ ಹೊತ್ತನ್ನು ಸೊನ್ನೆ ಮಾಡಿದೆ. ಡಬ್ಬಿ ತೆಗೆಯಲಿಲ್ಲ. ಅದು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಇದೆ. ವರದಿಗಳು ಅದರ ಮೂಲಕವೇ ಹೋಗುತ್ತವೆ, ನಿಲ್ಲುವುದಿಲ್ಲ ಅಷ್ಟೇ. ಶೇಖರ್ ಸಾರ್ ಆಗಾಗ ಬಂದು ಪರದೆಯ ಮೇಲೆ ಅದಿದೆಯೇ ನೋಡಿ ಸಮಾಧಾನದಿಂದ ಹೋಗುತ್ತಿದ್ದರು. ಇದನ್ನು ಓದಿ ಅವರಿಗೆ ಗೊತ್ತಾಗಬಹುದು. ಆಗಲಿ, ಅವರೂ ಈಗ ನಿವೃತ್ತರು.

ಅಪಾಯದ ಅಂಕಿಗೆ ಫೋನ್ ಮಾಡುವ ಪದ್ಧತಿ ವಾಪಸ್ ತರುವುದು ಅಷ್ಟು ಸುಲಭವಿರಲಿಲ್ಲ. ಮನುಷ್ಯರು ಮನುಷ್ಯರಿಗೆ ಫೋನ್ ಮಾಡಲಿ ಸಾರ್ ಎಂದಾಗ ಹಿಂದಕ್ಕೆ ಹೋಗ್ತಾ ಇದೀವಾ ನಾವು ಎಂದರು. ಅದನ್ನೇ ಎರಡು ವಾರ ಬಿಟ್ಟು "ಗ್ರಾಹಕ ಪ್ರತಿಕ್ರಿಯೆ ದಾಖಲಾತಿ" ಎಂದು ಹೆಸರಿಟ್ಟು ಎರಡು ಪುಟದ ಟಿಪ್ಪಣಿ ಬರೆದು ಕೊಟ್ಟೆ. ಓದದೆ ಸಹಿ ಹಾಕಿದರು. ಒಳ್ಳೆಯ ಕೆಲಸವೇನಾದರೂ ಆಗಬೇಕಿದ್ದರೆ ಅದಕ್ಕೆ ಓದಿದರೆ ನಿದ್ದೆ ಬರುವಂಥ ಹೆಸರಿಡಿ.

ಹಾಗೆ ನಾಲ್ಕನೆಯ ಡಬ್ಬಿಯನ್ನು ಕೊನೆಯ ಸಲ ಜೋಡಿಸಿದೆ. ಕೆಂಪು ಗುರುತಿನ ವರದಿ ಬಂದರೆ ಬರೀ ಸಂದೇಶ ಹೋದರೆ ಸಾಲದು. ಕೌಂಟರಿನವರೊಬ್ಬರ ಪರದೆಯ ಮೇಲೆ ಫೋನ್ ಮಾಡಿ ಎಂದು ಬರುತ್ತದೆ. ಮಾಡಬೇಕು, ಯಾರು ಎತ್ತಿದರು ಎಂದು ಬರೆಯಬೇಕು, ಏನಂದರು ಎಂದು ಬರೆಯಬೇಕು. ಆ ಕಾಲಂ ಖಾಲಿ ಇದ್ದರೆ ಡಬ್ಬಿ ಹಳದಿಯಾಗಿಯೇ ಇರುತ್ತದೆ, ಹಸಿರಾಗುವುದಿಲ್ಲ. ಸ್ಟೋರಿನಿಂದ ಹಳೆಯ ರಿಜಿಸ್ಟರು ತರಿಸಿ, ಸಾವಿತ್ರಮ್ಮ ಇಟ್ಟಿದ್ದ "ಏನಂದರು" ಎಂಬ ಹೆಸರನ್ನೇ ಆ ಕಾಲಂಗೂ ಇಟ್ಟೆ.

ಪ್ರಯೋಗಕ್ಕೆ ಒಬ್ಬರೇ ಒಬ್ಬರು ಬೇಕು, ಗುರುತಿನವರು ಬೇಕು. ಆ ತಿಂಗಳ ಸಾವಿತ್ರಮ್ಮನ ವರದಿ ಬಂದಿತ್ತು. ನನ್ನ ಕೆಲಸಕ್ಕೆ ಇನ್ನು ನಾಲ್ಕು ದಿನ ಉಳಿದಿತ್ತು. ಅವರ ವರದಿಗೆ ನಾನೇ ಕೆಂಪು ಗುರುತು ಹಾಕಿ ಫೋನ್ ಮಾಡಿದೆ.

"ಸಾವಿತ್ರಮ್ಮ, ರಿಪೋರ್ಟ್ ಬಂದಿದೆ. ನಾಲ್ಕು ಪಾಯಿಂಟ್ ಆರು. ಚೆನ್ನಾಗಿದೆ."

"ಅಯ್ಯೋ, ಫೋನ್ ಮಾಡಿ ಹೇಳ್ತಾ ಇದೀಯಲ್ಲೇ. ಡಬ್ಬಿ ಕೆಟ್ಟೋಯ್ತಾ?"

"ಇಲ್ಲ. ಈಗ ಇದೇ ಡಬ್ಬಿ."

ಇಟ್ಟುಬಿಡಬಹುದಿತ್ತು. ಪರದೆಯ ಮೇಲೆ ಆ ಕಾಲಂ ಖಾಲಿಯಾಗಿತ್ತು. ಸರಿ ಎಂದರು ಎಂದು ಬರೆದಿದ್ದರೂ ನಡೆಯುತ್ತಿತ್ತು.

"ಸಾವಿತ್ರಮ್ಮ, ಅವತ್ತು ನಿಮ್ ರಿಪೋರ್ಟ್ ತಡೆದಿದ್ದು ಶೇಖರ್ ಸಾರ್ ಅಲ್ಲ. ಅವರು ಹೇಳಿದ್ರು ಅಷ್ಟೇ. ಕೂತು ಮಾಡಿದ್ದು ನಾನು. ಮಾಡಿ ಶಾಲು ಹೊದಿಸ್ಕೊಂಡೆ."

"ಗೊತ್ತಿತ್ತು ಕಣೇ," ಎಂದರು.

"ಯಾವಾಗಿಂದ?"

"ಆಸ್ಪತ್ರೇಲಿ ನೀನು ಹೇಳ್ದಾಗಿಂದ. ಆ ಮನುಷ್ಯಂಗೆ ಮೌಸ್ ಹಿಡಿಯೋಕ್ ಬರಲ್ಲ, ಏಳು ದಿನದ ರಾಹುಕಾಲ ಒಳಗ್ ಕೂರ್ಸೋಕೆ ಎಲ್ಲಿಂದ ಬರತ್ತೆ. ಅಷ್ಟು ಅಚ್ಚುಕಟ್ಟಾಗಿ ಮಾಡೋಳು ಅಲ್ಲಿ ನೀನೊಬ್ಳೇ."

ನಾನು ಸೆರಗು ಹುಡುಕಿಕೊಂಡೆ. ಅವರು ಫೋನ್ ಇಡಲಿಲ್ಲ. ಬಹಳ ಹೊತ್ತಾದ ಮೇಲೆ, "ಏನಂದ್ರು ಅಂತ ಬರ್ಕೋ, ಮರೀಬೇಡ," ಎಂದು ಇಟ್ಟರು.

ಮೂಗು ಒರೆಸಿಕೊಂಡು ಬರೆದೆ. ಆ ಕಾಲಂನ ಮೊಟ್ಟಮೊದಲ ದಾಖಲೆ ಅದು, ತೆರೆದು ನೋಡಿದರೆ ಈಗಲೂ ಇರುತ್ತದೆ. "ಗೊತ್ತಿತ್ತು ಎಂದರು. ನಾನೇ ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಕಾದರು."